ಸುಡದ ಕೈ

"ಅಯ್ಯೋ ಅಲ್ಲಾ! ಅಂಬುಬಾಯಿ, ನಿಮ್ಮ ಸೊಸಿ ಕೈ ಸುಡಾಕತ್ತದ ನೋಡ್ರೀ!"

ನೆರೆಮನೆಯ ಬಿಸ್ಮಿಲ್ಲಾ ಬೀ ಚೀರಿದಾಗ ಅಂಬುಬಾಯಿ ನಕ್ಕುಬಿಟ್ಟಳು. ಸುಡುವುದೇ? ಅವಳ ಸೊಸೆ ಮನೀಷಾ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿ, ಕೆಂಡಕ್ಕೆ ಒರಗಿಸಿ, ಬರಿಗೈಯಲ್ಲೇ ತಿರುಗಿಸುವವಳು! ಬಸವಕಲ್ಯಾಣದ ಆ ಓಣಿಗೆಲ್ಲ ಅಂಬುಬಾಯಿ ಈ ಕೈಯನ್ನು ಹೊಗಳಿಕೊಂಡು ತಿರುಗಿದ್ದಳು. ಚಿಮಟಾ ಹಿಡಿದು ರೊಟ್ಟಿ ಎತ್ತುವವಳು ಅವಳ ಲೆಕ್ಕದಲ್ಲಿ ಹೆಂಗಸೇ ಅಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮನೀಷಾ ಚಿಮಟಾ ಕೇಳಿದ್ದಕ್ಕೆ, "ನಮ್ಮ ಮನ್ಯಾಗ ಇಂಥ ನಾಜೂಕ ನಡ್ಯಂಗಿಲ್ಲ" ಎಂದು ಅದನ್ನು ಅಟ್ಟಕ್ಕೆ ಎಸೆದಿದ್ದಳು. ಹುಡುಗಿ ಅಳುತ್ತಲೇ ಕಲಿತಳು. ಈಚೆಗೆ ಅಳುವುದನ್ನೂ ಬಿಟ್ಟಿದ್ದಳು. ಅಂತೂ ಪಳಗಿದಳು ಎಂದುಕೊಂಡಿದ್ದಳು ಮಹಾತಾಯಿ.

ಆದರೆ ಈಗ ಮೂಗಿಗೆ ಬಡಿದದ್ದು ರೊಟ್ಟಿ ಸೀದ ವಾಸನೆಯಲ್ಲ! ಮನೀಷಾಳ ಕಿರುಬೆರಳು ಕೆಂಡಕ್ಕೆ ತಾಗಿಕೊಂಡೇ ಇತ್ತು. ಅವಳು ಮಾತ್ರ ಏನಾಯಿತೆಂದು ತಿಳಿಯದೆ ಬಿಸ್ಮಿಲ್ಲಾ ಬೀಯ ಮುಖ ನೋಡುತ್ತಿದ್ದಳು. ಬಿಸ್ಮಿಲ್ಲಾ ಬೀ ಕೈ ಜಗ್ಗಿ ನೋಡಿದರೆ ಚರ್ಮ ಸುಲಿದು ಬಂದಿತ್ತು. ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಮಡಚಿಕೊಂಡಿದ್ದವು.

"ಯಾವಾಗಿಂದ ಹಿಂಗ ಆಗೇದ, ಬೇಟಿ?"

"ದೀಪಾವಳಿ ಆದಮ್ಯಾಲ ಜುಮ್ಮಂತಿತ್ರಿ... ಹೇಳಿದ್ರ ಕೆಲಸಗಳ್ಳಿ ಅಂತಾರಂತ..." ಮನೀಷಾ ಮಾತು ನುಂಗಿದಳು.

ಮಗ ಮಚ್ಚೇಂದ್ರ ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಹುಮನಾಬಾದಿನ ಆಸ್ಪತ್ರೆಗೆಂದು ಬಸ್ಸು ಹತ್ತಿದ. ಓಣಿಯವರು ಕೇಳಿದರೆ ಹೇಳಲು ತನಗೂ ನಾಲ್ಕು ಮಾತು ಗೊತ್ತಿರಲೆಂದು ಅಂಬುಬಾಯಿಯೂ ಹೊರಟಳು.

"ಕಣ್ಣು ಮುಚ್ಚು. ನಾ ಎಲ್ಲಿ ಮುಟ್ತೀನೋ ಅಲ್ಲಿ ತೋರಿಸು," ಎಂದು ಡಾಕ್ಟರಮ್ಮ ಪೆನ್ನಿನ ತುದಿಯಿಂದ ಹೆಬ್ಬೆರಳು ಮುಟ್ಟಿದರು. ಮನೀಷಾ ಥಟ್ಟನೆ ತೋರಿಸಿದಳು. ಆಮೇಲೆ ಕಿರುಬೆರಳು ಮುಟ್ಟಿದರು. ಮತ್ತೆ ಮುಟ್ಟಿದರು. ಮನೀಷಾ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು.

"ಮುಟ್ರಿ, ಡಾಕ್ಟರಮ್ಮ," ಎಂದಳು.

ಮಚ್ಚೇಂದ್ರ ಮುಖ ತಿರುಗಿಸಿಕೊಂಡ. ಡಾಕ್ಟರಮ್ಮ ಮೊಣಕೈಯ ಹಿಂದೆ ಬೆರಳಿಟ್ಟು ಒತ್ತಿದಾಗ ಮನೀಷಾ ನೋವಿನಿಂದ ಮುಲುಗಿದಳು. "ಈ ನರ ಹಗ್ಗದಂಗ ದಪ್ಪ ಆಗೇದ. ತೋಳಿನ ಮ್ಯಾಲಿನ ಈ ಬಿಳಿ ಮಚ್ಚಿಗೂ ಸ್ಪರ್ಶ ಇಲ್ಲ. ಇದು ಕುಷ್ಠರೋಗರಿ. ಅದೇ ನರಕ್ಕ ಪೆಟ್ಟು ಹಾಕೇದ."

ಅಂಬುಬಾಯಿ ಸೆರಗು ಎಳೆದುಕೊಂಡು ಎದ್ದೇಬಿಟ್ಟಳು. "ಮಚ್ಚೂ, ಇಲ್ಲಿಂದಾನೇ ಇಕಿನ್ನ ಚಿಟಗುಪ್ಪಕ್ಕ ತವರಿಗೆ ಬಿಟ್ಟು ಬಾ! ನನ್ನ ಹೊಸ್ತಿಲಾ ತುಳಿಯೂದು ಬ್ಯಾಡ!"

"ಅವ್ವಾ! ಇಕಿ ಹೋದ್ರ ನಾನೂ ಹೋಗ್ತೀನಿ!"

"ಸುಮ್ಮನಿರ್ರಿ ಇಬ್ರೂ," ಡಾಕ್ಟರಮ್ಮ ಗದರಿದರು. "ಗುಳಿಗಿ ಸುರು ಮಾಡಿದ್ರ ಹರಡೂದು ನಿಲ್ತದ. ಮನಿಯವರೆಲ್ಲಾ ಒಮ್ಮೆ ತೋರಿಸಿಕೊಂಡು ಹೋಗ್ರಿ, ಸಾಕು. ನರಕ್ಕ ಪೆಟ್ಟು ಬಿದ್ದು ಭಾಳ ದಿನ ಆಗಿಲ್ಲ. ಅದಕ್ಕೂ ಬ್ಯಾರೆ ಗುಳಿಗಿ ಕೊಡ್ತೀನಿ, ಸ್ಪರ್ಶ ತಿರುಗಿ ಬಂದೀತು. ಆದ್ರ ಈ ಕೈ ತುಂಬ ಎಷ್ಟು ಸುಟ್ಟ ಕಲೆ! ನಿಮ್ಮ ಮನ್ಯಾಗ ಒಂದು ಚಿಮಟಾ ಇಲ್ಲೇನು?"

ಮನೀಷಾ ಒಮ್ಮೆ ಅತ್ತೆಯ ಕಡೆ ನೋಡಿದಳು.

"ಚಿಮಟಾ ಅದರಿ. ಹಿಡಿ ಅಂತ ಅತ್ತಿಯವರು ದಿನಾ ಹೇಳ್ತಾರ. ನಾನೇ ಕೇಳಂಗಿಲ್ಲ."

ಈಗಷ್ಟೇ ಮನೆಯಿಂದ ಹೊರಗಟ್ಟಿಸಿಕೊಂಡವಳು... ಹೊರಗಟ್ಟಿದವಳ ಮಾನ ಕಾಯುತ್ತಿದ್ದಳು! ಎದ್ದಿದ್ದ ಅಂಬುಬಾಯಿ ಮತ್ತೆ ಕೂತಳು. ಅವಳ ಜಂಬವೆಲ್ಲ ಅಲ್ಲೇ ಇಳಿದುಹೋಯಿತು.

"ಸುಳ್ಳು ಹೇಳ್ತಾಳ್ರಿ ಇಕಿ! ಚಿಮಟಾ ಅಟ್ಟಕ್ಕ ಒಗದಾಕಿ ನಾನೇ... ಕೂಸಿನ ಕೈ ಸುಟ್ಟು ಹೋಗಾಕತ್ತಿತ್ತು, ನಾ ಊರ ತುಂಬ ಹೊಗಳಾಕತ್ತಿದ್ದೆ..." ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ಕಣ್ಣೊರೆಸಿಕೊಂಡು ಮಗನಿಗೆ, "ಚಿಟಗುಪ್ಪ ಬ್ಯಾಡ. ಮನಿಗೆ ನಡೀರಿ" ಎಂದಳು.

ಬಸ್ಸಿನಲ್ಲಿ ಅವಳು ಸೊಸೆಯ ಮಗ್ಗುಲಲ್ಲೇ ಕೂತಳು. ಮನೆ ಮುಟ್ಟಿದವಳೇ ನಿಚ್ಚಣಿಕೆ ಹತ್ತಿ ಚಿಮಟಾ ಇಳಿಸಿ, ತುಕ್ಕು ಉಜ್ಜಿ ಒಲೆಯ ಬಳಿ ಇಟ್ಟಳು. ಅಂದಿನಿಂದ ರೊಟ್ಟಿ ಬಡಿಯುವುದು ಅವಳ ಪಾಲಿಗೆ ಬಂತು. ಗುಳಿಗೆ ನುಂಗಿದೆಯಾ ಎಂದು ಗೋಡೆಯಾಚೆಯಿಂದ ದಿನಾ ಕೇಳುವುದು ಬಿಸ್ಮಿಲ್ಲಾ ಬೀಯ ಪಾಲಿಗೆ.

ಮುಂದಿನ ದೀಪಾವಳಿಯ ಹೊತ್ತಿಗೆ ಮನೀಷಾ ಹಟ ಹಿಡಿದು ಮತ್ತೆ ಒಲೆಯ ಮುಂದೆ ಕೂತಳು, ಕೈಯಲ್ಲಿ ಚಿಮಟಾ. ರೊಟ್ಟಿ ಜಾರಿತು. ಹಿಡಿಯಲು ಹೋದ ಕಿರುಬೆರಳು ಹಂಚಿಗೆ ತಾಗಿತು.

"ಹಾಯ್! ಅತ್ತೀ, ಸುಡ್ತ್ರೀ!"

ಅಂಬುಬಾಯಿ ಓಡಿಬಂದು ಆ ಕೈಯನ್ನು ತಣ್ಣೀರಲ್ಲಿ ಅದ್ದಿದಳು. ಬೆರಳು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

"ಏನಂದಿ? ಇನ್ನೊಮ್ಮೆ ಹೇಳವ್ವಾ!"

"ಸುಡ್ತ್ರೀ..." ಮನೀಷಾ ಅಳುತ್ತ ನಗುತ್ತಿದ್ದಳು.

ಅಂಬುಬಾಯಿ ಸೊಸೆಯ ಕೈ ಬಿಡದೆ ಗೋಡೆಯತ್ತ ತಿರುಗಿ ಕೂಗಿದಳು. "ಬಿಸ್ಮಿಲ್ಲಾ ಬೀ! ಲಗೂನ ಬರ್ರೀ! ನನ್ನ ಸೊಸಿ ಕೈ ಸುಡ್ತು, ಬರ್ರೀ!"