ಟ್ರೇಲರಿನ ಒಳಬಾಗಿಲು

ಪೇದೆ ಟ್ರೇಲರಿನ ಹಿಂಬದಿಯ ಹಲಗೆ ಇಳಿಸಿದ. ಇಳಿಸಿದವನೇ ಹಿಂದಕ್ಕೆ ಸರಿದ.

ಒಳಗೆ ಕಂದು ಕುದುರೆಯೊಂದು ನಡುಗುತ್ತ ನಿಂತಿತ್ತು. ಅದರ ಹಿಂಗಾಲುಗಳ ಬಳಿ, ಹಾಸಿದ ಹುಲ್ಲಿನ ಮೇಲೆ, ಎತ್ತರದ ಮುದುಕನೊಬ್ಬ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮೈ ತಣ್ಣಗಾಗಿತ್ತು.

"ನಮ್ಮ ಮಾವ. ಕುದುರೆ ಒದ್ದುಬಿಡ್ತು," ಎಂದ ಗಾಡಿ ಓಡಿಸಿಕೊಂಡು ಠಾಣೆಯ ಅಂಗಳಕ್ಕೆ ಬಂದಿದ್ದ ಅಳಿಯ.

ಕುದುರೆ ಹಿಂದೆ ಸರಿಯದಂತೆ ಅದರ ಬೆನ್ನಹಿಂದೆ ಅಡ್ಡಲಾಗಿ ಕಬ್ಬಿಣದ ಸರಳು ಹಾಕಿತ್ತು. ಸರಳಿನ ಪಿನ್ನು ಬಿಗಿದುಕೊಂಡಿತ್ತು. ಪೇದೆ ಕಲ್ಲು ತಂದು, ಬೈಯುತ್ತ, ಕುಟ್ಟಿ ತೆಗೆದ. ಕುದುರೆಯನ್ನು ಹೊರಗೆ ಕರೆತಂದು ಮರಕ್ಕೆ ಕಟ್ಟಿದರು. ಆಮೇಲೆ ಹೆಣ ಇಳಿಸಿದರು.

* * *

ಕೇಸು ಮೌನಿಯ ಪಾಲಿಗೆ ಬಂತು. ಅದು ಅವಳ ಹೆಸರಲ್ಲ. ಹೊಸದಾಗಿ ಬಂದ ಸಬ್‌ಇನ್ಸ್‌ಪೆಕ್ಟರ್ ಮಾತಿಗೆ ಮಾತು ಸೇರಿಸುವವಳಲ್ಲವೆಂದು ಠಾಣೆಯವರು ಇಟ್ಟ ಅಡ್ಡಹೆಸರು. ಇನ್ನೊಂದು ವಿಷಯ ಅವರಿಗೆ ಗೊತ್ತಿರಲಿಲ್ಲ. ಮುಚ್ಚಿದ ಸಣ್ಣ ಜಾಗವೆಂದರೆ ಅವಳಿಗೆ ಆಗದು. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವುದನ್ನು ಎಲ್ಲರೂ ವ್ಯಾಯಾಮ ಎಂದುಕೊಂಡಿದ್ದರು.

ಅಳಿಯ ಹೇಳಿದ್ದು ಇಷ್ಟು. ಸತ್ತವನು ಕುದುರೆ ಪಳಗಿಸುವವನು. ಇಬ್ಬರೂ ಕುದುರೆಯನ್ನು ಪಂದ್ಯದ ಊರಿಗೆ ಸಾಗಿಸುತ್ತಿದ್ದರು. ಕಲ್ಲುಕ್ವಾರಿಯ ಹತ್ತಿರ ಕುದುರೆ ಗಲಾಟೆ ಮಾಡಿತು. ಗಾಡಿ ನಿಲ್ಲಿಸಿದ. ಟ್ರೇಲರಿನ ಮುಂಭಾಗದಲ್ಲಿ ಜೀನು, ಲಗಾಮು ಇಡುವ ಕಿರುಕೋಣೆ ಇದೆ. ಅಲ್ಲಿಂದ ಕುದುರೆಯ ಕಡೆಗೆ ಹೋಗಲು ನಡುಗೋಡೆ ಕತ್ತರಿಸಿ ಮೊನ್ನೆಯಷ್ಟೇ ತನ್ನ ಕೈಯಾರೆ ಬಾಗಿಲು ಕೂರಿಸಿದ್ದ. ಮಾವ ಆ ಬಾಗಿಲಿಂದಲೇ ಒಳಗೆ ಹೋದರು. ತಾನು ಸ್ಟೀರಿಂಗ್ ಬಿಟ್ಟು ಕದಲಲಿಲ್ಲ. ದಡಬಡ ಸದ್ದು ಕೇಳಿತು. ಮಾವ ಬರಲಿಲ್ಲ. ಹೋಗಿ ಒಳಬಾಗಿಲು ತೆರೆದು ನೋಡಿದರೆ ಪ್ರಾಣ ಹೋಗಿತ್ತು. ಹಿಂದಿನ ಹಲಗೆ ತೆಗೆದರೆ ಕುದುರೆ ರಸ್ತೆಗೆ ನುಗ್ಗೀತೆಂದು, ಬಾಗಿಲು ಮುಚ್ಚಿ ನೇರ ಠಾಣೆಗೆ ಬಂದ.

ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ಇದು ಒಪ್ಪಿಗೆಯಾಗಿತ್ತು. ಸಂಜೆ ಪಶುವೈದ್ಯ ಬರುತ್ತಾನೆ, ಮನುಷ್ಯನನ್ನು ಕೊಂದ ಪ್ರಾಣಿಗೆ ಸೂಜಿ ಚುಚ್ಚಿ ಸಾಯಿಸುತ್ತಾನೆ, ಅಷ್ಟರೊಳಗೆ ವರದಿ ಕೊಡು ಎಂದರು.

ಮೌನಿಗೆ ಒಂದೇ ಅನುಮಾನ. ಮುದುಕ ಒಳಗೆ ಹೋದ ಮೇಲೆ ಯಾರಾದರೂ ಈಚೆಯಿಂದ ಬಾಗಿಲಿಗೆ ಚಿಲಕ ಹಾಕಿದ್ದರೆ? ಬೆದರಿದ ಕುದುರೆಯ ಜೊತೆ ಅವನನ್ನು ಕೂಡಿಹಾಕಿದ್ದರೆ?

ಉಸಿರು ಬಿಗಿಹಿಡಿದು ಕಿರುಕೋಣೆಗೆ ಹತ್ತಿದಳು. ಒಳಬಾಗಿಲಿಗೆ ಚಿಲಕವೇ ಇರಲಿಲ್ಲ. ಇದ್ದದ್ದು ಎರಡೂ ಕಡೆಯಿಂದ ತಿರುಗುವ ಹಿಡಿ. ಬಾಗಿಲು ಖಾಲಿ ಟ್ರೇಲರಿನೊಳಗೆ ಬೆಣ್ಣೆಯಂತೆ ಪೂರ್ತಿ ತೆರೆದುಕೊಂಡಿತು.

"ನಾನೂ ತೆಗೆದು ಹಾಕಿ ನೋಡಿದೆ. ಸಾಹೇಬರೂ ನೋಡಿದ್ರು. ಕೆಲಸಗಾರ ಬಿಡಿ ಅಳಿಯ," ಎಂದ ಪೇದೆ.

ಅವಳ ಅನುಮಾನ ಅಲ್ಲಿಗೆ ಮುಗಿಯಿತು. ಕೂಡಿಹಾಕಿದವರು ಯಾರೂ ಇಲ್ಲ.

* * *

ಮಧ್ಯಾಹ್ನ ಸತ್ತವನ ಮಗಳು ಬಂದಳು. ಅವಳನ್ನು ಕೇಳಿದ್ದಕ್ಕೆಲ್ಲ ಗಂಡನೇ ಉತ್ತರ ಕೊಟ್ಟ. ಅಪ್ಪನನ್ನು ಕೊನೆಗೆ ಯಾವಾಗ ನೋಡಿದಿರಿ ಎಂದರೆ ಅವನು ಹೇಳಿದ. ಊಟ ಆಗಿದೆಯೇ ಎಂದದ್ದಕ್ಕೂ ಅವನೇ ಹೇಳಿದ. ಅವಳ ಮೊಬೈಲು ಅವನ ಜೇಬಿನಲ್ಲಿತ್ತು. ಒಮ್ಮೆ ಅವಳ ತೋಳು ಹಿಡಿದ. ಅವಳು ತೋಳನ್ನು ಬಿಡಿಸಿಕೊಳ್ಳಲೂ ಇಲ್ಲ, ಅವನತ್ತ ನೋಡಲೂ ಇಲ್ಲ. ಅದು ಅವಳದ್ದಲ್ಲವೇನೋ ಎಂಬಂತೆ ಬಿಟ್ಟುಕೊಟ್ಟು ಕೂತಳು.

ಅವನು ಸಹಿ ಹಾಕಲು ಸಾಹೇಬರ ಕೋಣೆಗೆ ಹೋದಾಗ ಮಾತ್ರ ಬಾಯಿಬಿಟ್ಟಳು.

"ಅದು ಒದೆಯೋ ಕುದುರೆ ಅಲ್ಲ ಮೇಡಂ. ಮರಿ ಇದ್ದಾಗಿಂದ ನಾನೇ ಸಾಕಿದ್ದು. ಅದನ್ನ ಸಾಯಿಸಬೇಡಿ. ನನಗಿನ್ನು ಅದೊಂದೇ ಇರೋದು."

ಮೌನಿ ಮತ್ತೆ ಕಿರುಕೋಣೆಗೆ ಹೋದಳು. ಈ ಸಲ ಬಾಗಿಲನ್ನು ಬಿಟ್ಟು ಉಳಿದದ್ದನ್ನು ನೋಡಿದಳು. ಒಂದು ಮಗ್ಗುಲಿಗೆ ಮಂಚ ಬೆಸುಗೆ ಹಾಕಿತ್ತು, ಹೊಸದು. ಮಂಚ ಅಡ್ಡ ಬರುವುದರಿಂದಲೇ ಬಾಗಿಲನ್ನು ಕುದುರೆಯ ಕಡೆಗೆ ತೆರೆಯುವಂತೆ ಕೂರಿಸಿದ್ದರು. ಆದರೆ ಮಂಚ ಗಿಡ್ಡ. ಆ ಎತ್ತರದ ಮುದುಕ ಮಲಗಿದರೆ ಕಾಲು ಹೊರಗೆ. ಗೋಡೆಯಲ್ಲೊಂದು ಕನ್ನಡಿ. ಅದರಲ್ಲಿ ಅವನಿಗೆ ಕಾಣುತ್ತಿದ್ದದ್ದು ತನ್ನ ಅಂಗಿಯ ಗುಂಡಿ. ಮೌನಿಗೆ ಸರಿಯಾಗಿ ತನ್ನ ಮುಖ ಕಂಡಿತು. ಅವಳೂ ಮಗಳೂ ಹೆಚ್ಚುಕಡಿಮೆ ಒಂದೇ ಎತ್ತರ.

ಮಂಚ ಯಾರಿಗೆಂದು ತಿಳಿಯಿತು. ಮುದುಕ ಸತ್ತದ್ದು ಹೇಗೆಂದು ತಿಳಿಯಲಿಲ್ಲ.

ಕಿಟಕಿಯಿಂದ ಮರದ ಕೆಳಗಿನ ಕುದುರೆ ಕಂಡಿತು. ಬೆಳಗಿನಿಂದ ಎಲ್ಲರೂ ಈ ಬಾಗಿಲನ್ನು ತೆರೆದು ನೋಡಿದ್ದರು. ಎಲ್ಲರೂ ನೋಡಿದ್ದು ಖಾಲಿ ಟ್ರೇಲರಿನಲ್ಲಿ.

* * *

"ಕುದುರೇನ ಹತ್ತಿಸಿ," ಎಂದಳು.

ಪಶುವೈದ್ಯ ಆಗಲೇ ಪೆಟ್ಟಿಗೆ ಹಿಡಿದು ಗೇಟಿನಲ್ಲಿದ್ದ. ಸಾಹೇಬರು ಗೊಣಗಿದರು. ಮಗಳು ಹಗ್ಗವನ್ನು ಕುದುರೆಯ ಕತ್ತಿನ ಮೇಲೆ ಹಾಕಿ ಮೆಲ್ಲಗೆ ಬೆನ್ನು ತಟ್ಟಿದಳು. ಅದು ತಾನಾಗಿಯೇ ಟ್ರೇಲರಿನೊಳಗೆ ನಡೆಯಿತು. ಬೆಳಗ್ಗೆ ಇದ್ದಂತೆಯೇ ಪೇದೆ ಸರಳು ಅಡ್ಡ ಹಾಕಿ, ಪಿನ್ನು ಕುಟ್ಟಿ, ಹಲಗೆ ಎತ್ತಿದ.

ಮೌನಿ ಕಿರುಕೋಣೆ ಹೊಕ್ಕಳು. ಹೊರಬಾಗಿಲು ಅವಳ ಹಿಂದೆ ತಾನೇ ಮುಚ್ಚಿಕೊಂಡಿತು. ಕತ್ತು ಬೆವರಿತು. ಗೋಡೆಗಳು ಹತ್ತಿರ ಬಂದಂತಾಯಿತು. ಓಡಿಹೋಗಲು ಕಾಲು ತುಡಿಯಿತು. ಕಣ್ಣು ಮುಚ್ಚಿ ಒಳಬಾಗಿಲಿನ ಹಿಡಿ ತಿರುಗಿಸಿ ನೂಕಿದಳು.

ಅಂಗೈ ಅಗಲ ತೆರೆದು ನಿಂತಿತು.

ಮತ್ತೆ ನೂಕಿದಳು. ಹೆಗಲು ಕೊಟ್ಟಳು. ಬಾಗಿಲು ಕುದುರೆಯ ಎದೆಗೆ ಒತ್ತಿಕೊಂಡಿತ್ತು. ಅದಕ್ಕೆ ಹಿಂದೆ ಸರಿಯಲು ಸರಳು ಬಿಡದು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಸಂದಿನಿಂದ ಬಿಸಿಯುಸಿರು ಬಂದು ಅವಳ ಬೆರಳುಗಳಿಗೆ ತಾಗಿತು. ತನ್ನಂತೆಯೇ ಇನ್ನೊಂದು ಜೀವ ಸಿಕ್ಕಿಹಾಕಿಕೊಂಡು ನಿಂತಿದೆ ಎನ್ನಿಸಿ, ಯಾಕೋ ಅವಳ ಉಸಿರೂ ಹದಕ್ಕೆ ಬಂತು.

ಅಳಿಯನನ್ನು ಒಳಗೆ ಕರೆದಳು. ಸಾಹೇಬರೂ ಮಗಳೂ ಹೊರಬಾಗಿಲ ಬಳಿ ಬಂದು ನಿಂತರು.

"ಇವತ್ತು ಬೆಳಗ್ಗೆ ತೆರೆದ ಹಾಗೆ ಒಮ್ಮೆ ತೆರೆದು ತೋರಿಸಿ."

ಅವನು ನಗುತ್ತಲೇ ನೂಕಿದ. ಆಮೇಲೆ ನಗು ನಿಂತಿತು. ಹೆಗಲು ಕೊಟ್ಟ, ಕಾಲು ಊರಿದ, ಹಲ್ಲು ಕಚ್ಚಿದ. ಕುದುರೆ ಬೇಸರದಿಂದ ಸೀನಿತು.

"ಆವಾಗ ಅದು ಹಿಂದೆ ನಿಂತಿತ್ತು," ಎಂದ.

"ಸರಳು ಹಾಕಿದ್ದಾಗ ಹಿಂದೆ ಎಲ್ಲಿಗೆ ಹೋಗುತ್ತೆ? ಆ ಪಿನ್ನು ತೆಗೀಬೇಕಾದ್ರೆ ಹಲಗೆ ಇಳಿಸಲೇಬೇಕು. ಹಲಗೆ ಮುಟ್ಟಲೇ ಇಲ್ಲ ಅಂತ ನೀವೇ ಬರೆಸಿದೀರಿ."

ಅವನು ಸಾಹೇಬರತ್ತ ನೋಡಿದ. ಸಾಹೇಬರು ಒಳಬಾಗಿಲತ್ತ ನೋಡುತ್ತಿದ್ದರು.

ಠಾಣೆಗೆ ಬಂದ ಮೇಲೆ ಅಷ್ಟು ಉದ್ದಕ್ಕೆ ಮೌನಿ ಮಾತಾಡಿದ್ದು ಅದೇ ಮೊದಲು. ಕುದುರೆ ಒಳಗಿದ್ದಾಗ ಈ ಬಾಗಿಲಿಂದ ಮುದುಕ ಹೋಗಲಾರ, ಅಳಿಯ ನೋಡಲಾರ. ಹಾಗಾದರೆ ದೇಹ ಒಳಗೆ ಹೋದದ್ದು ಹಿಂದಿನ ಹಲಗೆಯಿಂದಲೇ. ಕ್ವಾರಿಯ ಹತ್ತಿರ ಮಾವ ಅಳಿಯ ಸೇರಿಯೇ ಹಲಗೆ ಇಳಿಸಿದರು. ಮುದುಕ ಕುದುರೆಯತ್ತ ಬಗ್ಗಿದಾಗ ಹಿಂದಿನಿಂದ ಏಟು ಬಿತ್ತು. ದೇಹವನ್ನು ಸರಳಿನಡಿಯಿಂದ ಹಿಂಗಾಲುಗಳ ಬಳಿ ತಳ್ಳಿ ಹಲಗೆ ಎತ್ತಿದ್ದಾಯಿತು. ಆದರೆ ಹಲಗೆ ಇಳಿಸಿದ್ದೆ ಎಂದು ಅಳಿಯ ಒಪ್ಪಿಕೊಂಡರೆ ತಾನೂ ಪಕ್ಕದಲ್ಲೇ ನಿಂತಿದ್ದೆ ಎಂದಾಗುತ್ತದೆ. ದೂರ ಕೂತಿದ್ದೆ ಎನ್ನಲು ಅವನಿಗೊಂದು ದಾರಿ ಬೇಕಿತ್ತು. ತಾನೇ ಕತ್ತರಿಸಿದ ಬಾಗಿಲು ನೆನಪಾಯಿತು.

"ಬಾಗಿಲು ಕೂರಿಸಿದಾಗ ಕುದುರೆ ಲಾಯದಲ್ಲಿತ್ತು, ಅಲ್ವಾ? ಇವತ್ತಿನವರೆಗೂ ಕುದುರೆ ಇಟ್ಕೊಂಡು ಇದನ್ನ ತೆರೆದೇ ನೋಡಿಲ್ಲ ನೀವು."

ಅವನು ಹೆಂಡತಿಯತ್ತ ತಿರುಗಿದ.

"ಮಂಚ ತನಗೆ ಅಂದಿದ್ದ ಮುದುಕ," ಎಂದ ಕೊನೆಗೆ. "ದಾರಿಯಲ್ಲಿ ಹೇಳಿದ, ಮಗಳಿಗಂತೆ. ವಾಪಸ್ ಬಂದ ತಕ್ಷಣ ಅವಳನ್ನ ನನ್ನಿಂದ ಬಿಡಿಸಿ ಕರ್ಕೊಂಡು ಹೋಗ್ತಾನಂತೆ. ನನ್ನ ಕೈಯಲ್ಲೇ ಬಾಗಿಲು ಮಾಡಿಸಿ, ಅದೇ ಟ್ರೇಲರಲ್ಲಿ ನನ್ನ ಹೆಂಡತೀನ ಕಳಿಸಬೇಕಿತ್ತಾ?"

ಕ್ವಾರಿಯ ಪಕ್ಕದ ಪೊದೆಯಲ್ಲಿ ಹೊಸ ಲಾಳವೊಂದು ಸಿಕ್ಕಿತು. ರಕ್ತ ಇನ್ನೂ ಅಂಟಿಕೊಂಡಿತ್ತು. ಕುದುರೆಯ ಕಾಲಿನ ನಾಲ್ಕೂ ಲಾಳಗಳು ಸವೆದ ಹಳೆಯವು.

* * *

ಪಶುವೈದ್ಯ ಪೆಟ್ಟಿಗೆ ತೆರೆಯದೆ ಹೊರಟುಹೋದ.

ಮಗಳು ಕಿರುಕೋಣೆಯಲ್ಲಿ ನಿಂತು ಒಳಬಾಗಿಲಿನ ಸಂದಿನಲ್ಲಿ ಕೈ ತೂರಿಸಿ ಕುದುರೆಯ ಮೂಗು ಸವರುತ್ತಿದ್ದಳು. ಅಪ್ಪ ಹೇಳಿದ್ದರಂತೆ: ಹೊತ್ತಲ್ಲದ ಹೊತ್ತಲ್ಲಿ ಕುದುರೆ ನೋಡೋಕೆ ನೀನು ಒಬ್ಬಳೇ ಕೆಳಗಿಳಿಯೋದು ಬೇಡ, ಒಳಗಿಂದಲೇ ಹೋಗೋ ಹಾಗೆ ಮಾಡಿಸ್ತೀನಿ.

"ಮಂಚ ಕತ್ತರಿಸಿದ್ರೆ ಬಾಗಿಲನ್ನ ಈ ಕಡೆಗೆ ತಿರುಗಿಸಬಹುದು," ಎಂದಳು. "ನನಗೆ ಮುದುಡಿ ಮಲಗಿ ಅಭ್ಯಾಸ."

"ಬೇಡ," ಎಂದಳು ಮೌನಿ. "ಪಕ್ಕಕ್ಕೆ ಜಾರೋ ಬಾಗಿಲು ಹಾಕಿಸಿ. ಮಂಚ ಹಾಗೇ ಇರಲಿ."

ಮಗಳು ಮಂಚದ ಅಂಚಿನಲ್ಲಿ ಕೂತಳು. ಅನುಮಾನಿಸುತ್ತಲೇ ಒರಗಿದಳು. ಆಮೇಲೆ ಒಂದೊಂದಾಗಿ ಕಾಲು ನೀಡಿದಳು. ಎರಡೂ ಕಾಲು ಪೂರ್ತಿ ಚಾಚಿದ ಮೇಲೂ ಒಂದಿಷ್ಟು ಜಾಗ ಉಳಿದಿತ್ತು.