ಮಳೆಗೆ ಹೆದರುವ ಕೊಡೆಯ ಕೊನೆಯ ಪುಟ

ಅಂಗಡಿಯ ಬಾಗಿಲಲ್ಲಿ ನಿಂತವಳು ಏಳು ತಿಂಗಳ ಬಸುರಿ. ಅವಳ ಹಿಂದೆ ಸ್ಕೂಟರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದವನನ್ನು ನೋಡಿದ್ದೇ ತಡ, ಪುಸ್ತಕ ಹೊಲಿಯುತ್ತ ಕೂತಿದ್ದ ದಬ್ಬಳ ಸೂಜಿಯಿಂದ ದಾರ ಜಾರಿಸಿಕೊಂಡಳು.

ದಬ್ಬಳ ಅವಳ ಹೆಸರಲ್ಲ. ಪುಸ್ತಕ ಹೊಲಿಯುವ ದಪ್ಪ ಸೂಜಿಗೂ ಅವಳ ನಾಲಿಗೆಗೂ ಮೊನೆ ಒಂದೇ ಎಂದು ಆರು ವರ್ಷಗಳ ಹಿಂದೆ ಒಬ್ಬ ಇಟ್ಟ ಅಡ್ಡಹೆಸರು. ಇಟ್ಟವನು ಹೋದ, ಹೆಸರು ಉಳಿಯಿತು. ಈಗ ಬೀದಿಗೆ ಬೀದಿಯೇ ಬೈಂಡಿಂಗ್ ಅಂಗಡಿಯ ಅವಳನ್ನು ಹಾಗೆ ಕರೆಯುತ್ತದೆ. ಆ ಪುಣ್ಯಾತ್ಮನೇ ಹೊಸ್ತಿಲಾಚೆ ನಿಂತಿದ್ದ.

"ಅಕ್ಕಾ, ನಮ್ಮ ಬೇಬಿ ಶವರಿಗೆ ನಿಮ್ಮ ಕೈಕೆಲಸ ಬೇಕು," ಎಂದಳು ಹುಡುಗಿ. ಸ್ಟೂಲು ಎಳೆದುಕೊಂಡು ತಾನೇ ಕೂತಳು. "ಇವರು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತಾರಲ್ಲ, ಅದಕ್ಕೆ ಮಕ್ಕಳ ಪುಸ್ತಕದ ಥೀಮೇ ಇಟ್ಕೊಂಡಿದ್ದೀವಿ. ಬಂದವರಿಗೆಲ್ಲ ಕೊಡೋಕೆ ನಲವತ್ತು ಪುಟಾಣಿ ಪುಸ್ತಕ. ಆಡೋಕೆ ಎರಡು ಮೂರು ಆಟ."

"ಯಾವ ಕಥೆ?" ಎಂದಳು ದಬ್ಬಳ. ದನಿ ನಡುಗಲಿಲ್ಲ. ಅಷ್ಟಕ್ಕೇ ಅವಳಿಗೆ ತನ್ನ ಮೇಲೆ ಹೆಮ್ಮೆಯಾಯಿತು.

ಹುಡುಗಿ ಚೀಲದಿಂದ ಅಂಗೈ ಅಗಲದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ನೀಲಿ ಬಟ್ಟೆಯ ರಟ್ಟು, ಬೆನ್ನಿಗೆ ಕೆಂಪು ದಾರ. "ಮಳೆಗೆ ಹೆದರುವ ಕೊಡೆ. ಇವರ ಕಪಾಟಿನಲ್ಲಿತ್ತು. ಲೋಕದಲ್ಲಿ ಒಂದೇ ಪ್ರತಿಯಂತೆ."

ದಬ್ಬಳ ಪುಸ್ತಕದ ಬೆನ್ನನ್ನು ಬೆರಳಿನಿಂದ ಸವರಿದಳು. ಆ ಕೆಂಪು ದಾರವನ್ನು ಹಾಕಿದ್ದು ಅವಳೇ.

ಬಾಗಿಲಲ್ಲಿದ್ದವನು ಕೀಲಿ ಸುತ್ತುವುದನ್ನು ನಿಲ್ಲಿಸಿದ್ದ. ಅವನ ನೋಟ ಒಂದು ಗಳಿಗೆ ಅವಳ ಬೆರಳುಗಳ ಮೇಲೆ ಕೂತು, ಸುಟ್ಟುಕೊಂಡಂತೆ ಎದ್ದು, ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಕ್ಯಾಲೆಂಡರು ಹಳೇ ವರ್ಷದ್ದು. ಅವನು ಅದನ್ನೇ ಬಹಳ ಶ್ರದ್ಧೆಯಿಂದ ಓದಿದ.

ಹೊರಡುವಾಗ ಹುಡುಗಿ ಬಾಗಿಲಲ್ಲಿ ತಿರುಗಿದಳು. "ಎಷ್ಟು ಕೇಳಿದ್ರೂ ಇವರು ನಿಮ್ಮ ಬಗ್ಗೆ ಏನೂ ಹೇಳಲ್ಲ ಅಕ್ಕ. ಅದಕ್ಕೇ ನಾನೇ ನೋಡ್ಕೊಂಡು ಹೋಗೋಣ ಅಂತ ಬಂದೆ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಅಂದು ಹೋದಳು.

ಒಳಗಿನ ಕೋಣೆಯಿಂದ ಚಿಕ್ಕಮ್ಮ ಬಂದಳು. ಅಂಗಡಿಯಲ್ಲಿ ಹಾಳೆ ಮಡಿಸುವುದು ಅವಳ ಕೆಲಸ, ಬುದ್ಧಿ ಹೇಳುವುದು ಅಭ್ಯಾಸ. "ಆಗಲ್ಲ ಅಂತ ಹೇಳಿ ಕಳಿಸೇ. ಗಾಯದ ಮೇಲೆ ಉಪ್ಪು ಸವರಿಸ್ಕೊಳ್ಳೋಕೆ ಆರ್ಡರ್ ತಗೋತಾರಾ ಯಾರಾದ್ರೂ?"

"ಅವನ ಮುಖಕ್ಕೆ ಅವನದೇ ಪ್ರಶ್ನೆ ನಲವತ್ತು ಸಲ ಎಸೀಬೇಕು ಚಿಕ್ಕಮ್ಮ. ಇಂಥ ಆರ್ಡರ್ ಮತ್ತೆ ಬರಲ್ಲ."

ಅವಳಿಗೆ ಸೇಡು ಬೇಕಿತ್ತು. ಅದನ್ನು ಮುಚ್ಚಿಡುವ ಅಗತ್ಯ ಅವಳಿಗೂ ಇರಲಿಲ್ಲ, ನಮಗೂ ಇಲ್ಲ.

ಆ ಪುಸ್ತಕವನ್ನು ಅವರಿಬ್ಬರೂ ಸೇರಿ ಮಾಡಿದ್ದರು. ಅವನು ಚಿತ್ರ ಬರೆದ, ಅವಳು ಹೊಲಿದಳು. ಮಳೆ ಎಂದರೆ ನಡುಗುವ ಒಂದು ಕೊಡೆ ಬಾಗಿಲ ಮರೆಯಲ್ಲಿ ಅಡಗಿ ಕೂರುತ್ತದೆ. ಕೊನೆಗೊಂದು ದಿನ ಯಾರೋ ಬಂದು, ಕೈ ಚಾಚಿ, "ಬರ್ತೀಯಾ ನನ್ನ ಜೊತೆ?" ಎಂದು ಕೇಳುತ್ತಾರೆ. ಅಲ್ಲಿಗೆ ಅವನು ಕುಂಚ ಇಟ್ಟಿದ್ದ. "ಕೊಡೆ ಏನನ್ನುತ್ತೆ ಅಂತ ನೀನೇ ಬರಿ, ದಬ್ಬಳ," ಎಂದು ಹಾಳೆಗಳನ್ನು ಅವಳ ಮಡಿಲಿಗೆ ಹಾಕಿ ಹೋಗಿದ್ದ. ಕೇಳಿದ್ದು ಕೊಡೆಯನ್ನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳು ಉತ್ತರ ಬರೆದಳು. ಆದರೆ ಬೈಂಡರು ಬರೆದಂತೆ ಬರೆದಳು. ದಪ್ಪ ಹಾಳೆಯನ್ನು ಅಂಚಿನಲ್ಲಿ ಮಡಿಸಿ, ಒಳಮುಖದಲ್ಲಿ ಉತ್ತರ ಬರೆದು, ಮೇಲೂ ಕೆಳಗೂ ಮೈದಾ ಅಂಟು ಸವರಿ ಮುಚ್ಚಿದಳು. ಹಿಂದಿನ ಕಾಲದಲ್ಲಿ ಕೆಲವು ಪುಸ್ತಕಗಳ ಅಂಚು ಹೀಗೆ ಮುಚ್ಚಿಯೇ ಇರುತ್ತಿತ್ತು; ಓದುವವನೇ ಚಾಕುವಿನಿಂದ ಸೀಳಿಕೊಂಡು ಓದಬೇಕು. ಪುಟ ದಪ್ಪಗಿದೆ ಎಂದು ಕೈಗೇ ತಿಳಿಯುತ್ತದೆ, ಸೀಳುತ್ತಾನೆ ಎಂದುಕೊಂಡಳು. ಹುಟ್ಟಿದಾಗಿನಿಂದ ಕಾಗದ ಮುಟ್ಟಿದ ಕೈ ಅವಳದು. ಎಲ್ಲರ ಕೈಗೂ ಅಷ್ಟು ಬುದ್ಧಿ ಇರುತ್ತದೆ ಎಂದು ನಂಬಿದ್ದಳು.

ಪುಸ್ತಕ ಹೊಲಿದು ಅವನಿಗೆ ಕಳಿಸಿದಳು. ವಾರ ಕಳೆಯಿತು. ಅವನು ಬರಲಿಲ್ಲ. ಬೇರೆ ಊರಿನ ಪ್ರೆಸ್ಸಿನಲ್ಲಿ ಕೆಲಸ ಹಿಡಿದನೆಂದು ಯಾರೋ ಹೇಳಿದರು. ಓದಿಯೂ ಓಡಿಹೋದ ಎಂದು ಅವಳು ಹಲ್ಲು ಕಚ್ಚಿದಳು. ಹೋಗಿ ಕೇಳಲು ಬಿಗುಮಾನ ಬಿಡಲಿಲ್ಲ.

ಈಗ, ಆರು ವರ್ಷಗಳ ಮೇಲೆ, ಅದೇ ಪುಸ್ತಕವನ್ನು ದೀಪದಡಿ ಹಿಡಿದು ಕೊನೆಯ ಪುಟಕ್ಕೆ ಬಂದಳು. ಅಂಚು ಸೀಳಿರಲಿಲ್ಲ.

ಹಾಗಾದರೆ ಅವನು ಓದಲೇ ಇಲ್ಲ. ಆರು ವರ್ಷ ಅವನನ್ನು ಶಪಿಸಿದ್ದೆಲ್ಲ ದಂಡ.

ಆಮೇಲೆ ಹೆಬ್ಬೆರಳು ತಾನಾಗಿ ಮೇಲಿನ ಅಂಚಿನ ಮೇಲೆ ಓಡಿತು. ಅಲ್ಲಿ ನುಣುಪು. ಮೈದಾ ಅಂಟು ಒಣಗಿದರೆ ಹಾಗೆ ನುಣುಪಾಗುವುದಿಲ್ಲ. ಇದು ಆಫೀಸುಗಳಲ್ಲಿ ಬಳಸುವ ಗ್ಲೂ ಸ್ಟಿಕ್ಕು. ಯಾರೋ ಮೇಲಿನಿಂದ ಬಿಡಿಸಿ, ಓದಿ, ಮತ್ತೆ ಅಂಟಿಸಿದ್ದರು. ಓದಿದ್ದಾನೆ, ಓದಿ ಡಬ್ಬಿಯ ಮುಚ್ಚಳ ಹಾಕಿದಂತೆ ಮುಚ್ಚಿದ್ದಾನೆ ಎಂದು ಅವಳ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಕೂತು ಮೂರು ದಿನದಲ್ಲಿ ನಲವತ್ತು ಪುಸ್ತಕಕ್ಕೂ ರಟ್ಟು ಕತ್ತರಿಸಿದಳು.

ನಾಲ್ಕನೆಯ ದಿನ ಅವನೊಬ್ಬನೇ ಬಂದ. ಆಟದ ಕಾರ್ಡುಗಳಿಗೆ ಬರೆದ ಚಿತ್ರಗಳನ್ನು ಕೊಡಲು ಹೆಂಡತಿ ಕಳಿಸಿದ್ದಳು. ಮೇಜಿನ ತುಂಬ ಬೆರಳುದ್ದದ ಕಾಗದದ ಕೊಡೆಗಳು ಅರಳಿ ನಿಂತಿದ್ದವು. ಒಂದನ್ನು ಎತ್ತಿ ತಿರುಗಿಸಿದ.

"ಚೆನ್ನಾಗಿವೆ."

"ಮಳೆಗೆ ಆಗಲ್ಲ. ಬರೀ ಶೋಕಿಗೆ."

"ನಾಲಿಗೆ ಇನ್ನೂ ಹಾಗೇ ಇದೆ."

"ಉಪಯೋಗಿಸದೆ ಇಟ್ಟಿದ್ದೆ. ತುಕ್ಕು ಹಿಡಿದಿಲ್ಲ."

ಅವನು ನಕ್ಕ. ಮೊದಲು ಎಡಗಡೆಯ ತುಟಿಯಂಚು, ಸ್ವಲ್ಪ ತಡವಾಗಿ ಬಲಗಡೆಯದು. ನೋಡಬೇಡ ಎಂದು ಹೇಳುವಷ್ಟರಲ್ಲಿ ಅವಳ ಕಣ್ಣು ನೋಡಿಯಾಗಿತ್ತು. ಅವನ ಕಣ್ಣು ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ಲಿನ ಮೇಲೆ ನಿಂತಿತ್ತು. ಒಂದು ಕಾಲದಲ್ಲಿ ಅದನ್ನು ಕದಿಯುವುದೇ ಅವನ ದಿನದ ಕೆಲಸ.

"ಕೊನೆ ಪುಟ ಓದಿ ಹೇಗನ್ನಿಸ್ತು?" ಎಂದು ಚುಚ್ಚಿದಳು.

ನಗು ಆರಿತು. "ಓದೋಕೆ ಏನಿತ್ತು? ಖಾಲಿ ಬಿಟ್ಟು ಕಳಿಸಿದೆ. ಒಂದು ವಾರ ದಿನಾ ತೆಗೆದು ನೋಡಿದೆ, ಇವತ್ತಾದ್ರೂ ಏನಾದ್ರೂ ಮೂಡಿರುತ್ತೇನೋ ಅಂತ, ಹುಚ್ಚನ ಹಾಗೆ. ಇಲ್ಲ ಅನ್ನೋದಕ್ಕೂ ನೀನು ಒಂದಕ್ಷರ ಖರ್ಚು ಮಾಡಲಿಲ್ಲ. ಅಷ್ಟು ಕಲ್ಲು ಮನಸ್ಸಾ ನಿಂದು?"

ಅವನು ಸುಳ್ಳು ಹೇಳುವಾಗ ಕೀಲಿ ಸುತ್ತುತ್ತಾನೆ. ಕೀಲಿ ಈಗ ಮೇಜಿನ ಮೇಲಿತ್ತು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. "ಹೂಂ, ಕೊಟ್ಟೆ. ಬಂದೆ," ಎಂದು ಅವನು ಎದ್ದ. ಅವಳು ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. ಪುಟ ಬಿಡಿಸಿದ್ದು ಅವನಲ್ಲ. ಆ ಮನೆಯಲ್ಲಿ ಇರುವುದು ಇನ್ನೊಬ್ಬಳೇ.

ಆ ಭಾನುವಾರ ಮಧ್ಯಾಹ್ನ ಅವರ ಮನೆಯ ಮಹಡಿಯ ಹಾಲಿನಲ್ಲಿ ನಲವತ್ತು ಜನ ನೆರೆದಿದ್ದರು. ಕೊಡೆಯ ಕಥೆಯ ಪುಟಗಳನ್ನು ದೊಡ್ಡದಾಗಿ ಮುದ್ರಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ದಾರಕ್ಕೆ ಸಿಕ್ಕಿಸಿದ್ದರು. ಕಣ್ಣು ಕಟ್ಟಿಕೊಂಡು ಕೊಡೆಗೆ ಹಿಡಿ ಅಂಟಿಸುವ ಆಟದಲ್ಲಿ ಅವನ ಸೋದರತ್ತೆ ಹಿಡಿಯನ್ನು ಕಿಟಕಿಯ ಪರದೆಗೆ ಅಂಟಿಸಿ, ಕೊಡೆಯೇ ಸರಿದುಹೋಯಿತೆಂದು ವಾದಿಸಿದಳು. ಒಂದೇ ಕೈಯಲ್ಲಿ ಬೊಂಬೆಗೆ ಚಡ್ಡಿ ತೊಡಿಸುವ ಆಟದಲ್ಲಿ ಒಬ್ಬ ಗಂಡಸು ಬೊಂಬೆಯ ತಲೆಗೇ ತೊಡಿಸಿದ. ದಬ್ಬಳ ನಲವತ್ತು ಪುಸ್ತಕಗಳ ಜೊತೆ ನೀಲಿ ಪುಸ್ತಕವನ್ನೂ ತಂದೊಪ್ಪಿಸಿದ್ದಳು; ಆಟಗಳೆಲ್ಲ ಅವಳು ಕಟ್ಟಿದವು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಅವಳನ್ನು ಬಿಟ್ಟು.

ಕೊನೆಯ ಆಟಕ್ಕೆ ಮುಂಚೆ ಹುಡುಗಿ ಅವಳನ್ನು ಒಳಕೋಣೆಗೆ ಕರೆದು ಬಾಗಿಲು ಒರಗಿಸಿದಳು.

"ಅಂಟು ನಿಮ್ಮದಲ್ಲ ಅಂತ ನಿಮಗೆ ಗೊತ್ತಾಗಿರುತ್ತೆ," ಎಂದಳು.

"ಮುಟ್ಟಿದ ಕೂಡಲೇ."

"ನಂದೇ. ಮದುವೆಯಾಗಿ ನಾಲ್ಕನೇ ತಿಂಗಳು. ಉಗುರಲ್ಲಿ ಎಬ್ಬಿಸಿ, ಓದಿ, ಮತ್ತೆ ಮುಚ್ಚಿದೆ. ಹರಿದು ಬಿಸಾಡ್ಬಹುದಿತ್ತು. ಅವರು ಪುಟ ಎಲ್ಲಿ ಅಂತ ಕೇಳಿದ್ರೆ ಏನು ಹೇಳಲಿ?"

"ಹಾಗಿದ್ಮೇಲೆ ನನ್ನ ಯಾಕೆ ಕರೆಸಿದೆ?"

ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಂಚದ ಅಂಚಿಗೆ ಕೂತಳು. "ಅವರು ಇನ್ನೂ ಕಾಯ್ತಿದ್ದಾರೆ ಅಕ್ಕ. ಯಾವ ಪುಸ್ತಕಕ್ಕೆ ಚಿತ್ರ ಬರೆದ್ರೂ ಮೂಲೇಲಿ ಒಂದು ಕೊಡೆ ಇದ್ದೇ ಇರುತ್ತೆ. ಮೊಲದ ಕಥೇಲೂ ಕೊಡೆ, ಮೀನಿನ ಕಥೇಲೂ ಕೊಡೆ. ನನಗೆ ಸಾಕಾಗಿದೆ. ಈಗ ಆಡೋ ಆಟದಲ್ಲಿ ಎಲ್ಲರೂ ಕೊಡೆಯ ಉತ್ತರ ಬರೀತಾರೆ. ನೀವು 'ಬರಲ್ಲ' ಅಂತ ಬರೆದ್ಬಿಡಿ. ನಿಮ್ಮ ಬಾಯಿಂದ ಒಂದು ಸಲ ಕೇಳಿದ್ರೆ ಅವರು ಪೂರ್ತಿ ನನ್ನವರಾಗ್ತಾರೆ."

"ಬರೀದಿದ್ರೆ?"

"ಬರೀತೀರ. ಅವರು ಅಂದ್ಕೊಂಡ ಹಾಗೆ ನಿಮ್ದು ಕಲ್ಲು ಮನಸ್ಸಲ್ಲ." ಹುಡುಗಿ ಮುದ್ದಾಗಿ ನಕ್ಕಳು. "ನಾನು ಆ ಪುಟ ಓದಿದ್ದೀನಲ್ಲ."

ದಬ್ಬಳ ಜೀವಮಾನದಲ್ಲಿ ಎಷ್ಟೋ ಜನರನ್ನು ಚುಚ್ಚಿದ್ದಳು. ಇಷ್ಟು ಆಳಕ್ಕೆ ಚುಚ್ಚುವುದು ಅವಳಿಗೂ ಬರುತ್ತಿರಲಿಲ್ಲ.

ಹಾಲಿನಲ್ಲಿ ಕಾರ್ಡು ಹಂಚಿದರು. "ಬರ್ತೀಯಾ ನನ್ನ ಜೊತೆ?" ಎಂಬ ಪ್ರಶ್ನೆ ಎಲ್ಲದರ ಮೇಲೂ ಅವನ ಅಕ್ಷರದಲ್ಲೇ ಅಚ್ಚಾಗಿತ್ತು. ಅವನು ಕಿಟಕಿಯ ಬಳಿ ಕೈಕಟ್ಟಿ ನಿಂತು, ಅವಳ ಪೆನ್ನಿನತ್ತ ನೋಡಬಾರದೆಂದುಕೊಂಡೇ ನೋಡುತ್ತಿದ್ದ. ದಬ್ಬಳ 'ಬರಲ್ಲ' ಎಂದು ಬರೆಯಲು ಪೆನ್ನು ಇಟ್ಟಳು. ಕೈ ಒಪ್ಪಲಿಲ್ಲ. ಅವಳಿಗೆ ಅವನು ಇನ್ನೂ ಬೇಕಾಗಿದ್ದ, ಅಷ್ಟೆ. ಜೊತೆಗೆ ಆ ಹುಡುಗಿಯ ಮುಖ ಬಿಳುಚುವುದನ್ನು ನೋಡುವ ಆಸೆಯೂ ಇತ್ತು. ಆರು ವರ್ಷದ ಹಿಂದೆ ಬರೆದದ್ದನ್ನೇ ಮತ್ತೆ ಬರೆದಳು: 'ಬರ್ತೀನಿ. ನೆನೆದರೂ ಪರವಾಗಿಲ್ಲ.'

ಕಾರ್ಡುಗಳೆಲ್ಲ ತಲೆಕೆಳಗಾಗಿ ಬಿಚ್ಚಿಟ್ಟ ಒಂದು ಕೊಡೆಯೊಳಗೆ ಬಿದ್ದವು. ಹುಡುಗಿ ಒಂದೊಂದನ್ನೇ ಎತ್ತಿ ಓದತೊಡಗಿದಳು.

"'ಬರ್ತೀನಿ, ಆದ್ರೆ ಮರಳಿ ತಂದುಬಿಡಬೇಕು. ಬಸ್ಸಿನಲ್ಲಿ ಮರೆತು ಹೋಗಬಾರದು.' ಇದು ಅತ್ತೇದು." ಎಲ್ಲರೂ ನಕ್ಕರು. "'ನೆಗಡಿ ಆಗಿದೆ, ನಾಳೆ ಬಾ.'" ಮತ್ತೆ ನಗು.

ಮುಂದಿನ ಕಾರ್ಡು ಎತ್ತಿದವಳು ಅರ್ಧ ಉಸಿರು ತಡೆದಳು. ದಬ್ಬಳ ಬಯಸಿದಂತೆಯೇ ಅವಳ ಮುಖ ಬಿಳುಚಿತು. ಆಮೇಲೆ ತಲೆಯೆತ್ತಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಓದಿದಳು.

"'ಬರಲ್ಲ.' ಅಷ್ಟೇ ಬರೆದಿದ್ದಾರೆ. ಇದು ನಮ್ಮ ಬೈಂಡರ್ ಅಕ್ಕಂದು."

ದಬ್ಬಳ ಕುರ್ಚಿಯಿಂದ ಅರ್ಧ ಎದ್ದಳು. ಕಾರ್ಡು ತೋರಿಸು ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳುವ ಮುಂಚೆ ಅವನತ್ತ ನೋಡಿದಳು. ನೋಡಿದ್ದೇ ತಪ್ಪಾಯಿತು.

ಅವನು ಉದ್ದಕ್ಕೆ ಉಸಿರು ಬಿಟ್ಟಿದ್ದ. ಬಸ್ಸಿಗೆ ಕಾದೂ ಕಾದೂ ಕೊನೆಗೆ ಹೆಗಲಿನ ಚೀಲ ಕೆಳಗಿಟ್ಟವನ ಹಾಗೆ ಅವನ ಭುಜಗಳು ಇಳಿದಿದ್ದವು. ಆ ಮುಖದಲ್ಲಿ ನೋವಿರಲಿಲ್ಲ, ಬಿಡುಗಡೆಯಿತ್ತು. ಎರಡೂ ತುಟಿಯಂಚು ಒಟ್ಟಿಗೆ ಎದ್ದು ನಗುವಾಯಿತು. ಅವನು ನಡೆದು ಬಂದು ಹೆಂಡತಿಯ ಭುಜದ ಮೇಲೆ ಕೈಯಿಟ್ಟ.

ದಬ್ಬಳ ಕೂತಳು.

ಗೇಟಿನವರೆಗೆ ಅವನೇ ಬಿಡಲು ಬಂದ. "ಥ್ಯಾಂಕ್ಸ್, ದಬ್ಬಳ. ಆರು ವರ್ಷ ಆ ಖಾಲಿ ಪುಟ ಎದೆ ಮೇಲೆ ಕೂತಿತ್ತು. ಇವತ್ತು ಹಗುರ ಆಯ್ತು."

"ಒಳ್ಳೇದಾಯ್ತು."

"ಒಂದು ಕೇಳಲಾ? ಒಂದು ದಿನಕ್ಕಾದ್ರೂ ನಿನಗೆ ನನ್ನ ಮೇಲೆ ಪ್ರೀತಿ ಇತ್ತಾ?"

ಅವಳು ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಅವನ ಅಂಗಿಯ ಜೇಬಿಗೆ ಸಿಕ್ಕಿಸಿದಳು. "ಇದ್ದಿದ್ರೆ ಬರೀತಿರಲಿಲ್ವಾ?"

ಅವನು ತಲೆಯಾಡಿಸಿದ, ನಂಬಿದ.

ಹಿಂದಿನಿಂದ ಹುಡುಗಿ ಬಂದು ಬಟ್ಟೆಯ ಚೀಲವೊಂದನ್ನು ಅವಳ ಕೈಗೆ ಕೊಟ್ಟಳು. "ನೀಲಿ ಪುಸ್ತಕ ನಿಮ್ಮ ಹತ್ರಾನೇ ಇರಲಿ ಅಕ್ಕ. ನಮಗೆ ನಲವತ್ತು ಇದೆಯಲ್ಲ." ಮೊದಲ ಸಲ ಅವಳ ಕಣ್ಣು ಮೇಲೇಳಲಿಲ್ಲ.

ಅಂಗಡಿಯಲ್ಲಿ ಚಿಕ್ಕಮ್ಮ ಟೀ ಸೋಸುತ್ತಿದ್ದಳು. ದಬ್ಬಳ ಪುಸ್ತಕ ತೆರೆದಳು. ನಾಲ್ಕಾಗಿ ಮಡಿಸಿದ ಅವಳದೇ ಕಾರ್ಡು ಅದರೊಳಗಿತ್ತು. ಕೊನೆಯ ಪುಟದ ಮೇಲಂಚನ್ನು ಉಗುರಿನಿಂದ ಎಬ್ಬಿಸಿ, ಹಳೆಯ ಉತ್ತರದ ಪಕ್ಕಕ್ಕೆ ಹೊಸದನ್ನು ತಳ್ಳಿದಳು. ಮೈದಾ ಅಂಟನ್ನು ಈ ಸಲ ಧಾರಾಳವಾಗಿ ಬಳಿದು, ಪುಸ್ತಕವನ್ನು ಪ್ರೆಸ್ಸಿನಡಿ ಇಟ್ಟು, ತಿರುಪನ್ನು ಕೈ ನೋಯುವವರೆಗೆ ಬಿಗಿದಳು.

"ಮತ್ತೆ ಬಿಡಿಸಬೇಕಾದ್ರೆ?" ಎಂದಳು ಚಿಕ್ಕಮ್ಮ.

"ಆಗಲ್ಲ. ಹರೀಬೇಕು."

ಚಿಕ್ಕಮ್ಮ ಟೀ ಲೋಟವನ್ನು ಅವಳ ಪಕ್ಕದಲ್ಲಿಟ್ಟಳು. ದಬ್ಬಳ ಮುಂದಿನ ಕೆಲಸದ ಹಾಳೆಗಳನ್ನು ಎಳೆದುಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು. ಕಣ್ಣು ಮಂಜಾಗಿತ್ತು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಸೂಜಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು, "ನೀನೇ ಪೋಣಿಸಿಕೊಡು," ಎಂದಳು.