ಕಿಟಕಿಯಾಚೆ ಬರೀ ನೀರು

೧೯೯೮ರ ಮಾರ್ಚ್ ೧೭, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ನಂಜಮ್ಮ ಎಂಬಾಕೆ ಠಾಣೆಗೆ ಬಂದಳು. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಅವಳ ಗಂಡ ಸಣ್ಣಯ್ಯ ಭಾನುವಾರ ಮುಂಜಾನೆ ಹೋದವನು ತಿರುಗಿ ಬಂದಿರಲಿಲ್ಲ. ಈಗ ಅವನ ಹೆಣ ಜೊಂಡಿನ ನಡುವೆ ತೇಲಿತ್ತು. ಕತ್ತಿನ ಕೆಳಗೆ ಒಂದು ತೂತು.

"ಮುಳುಗಿ ಸತ್ತ ಅಂತಾವ್ರೆ ಸಾ. ನೀರು ತೂತು ಮಾಡ್ತದಾ?"

"ಯಾರ ಮೇಲಾದರೂ ಅನುಮಾನ?" ಸರ್ಕಲ್ ಇನ್ಸ್‌ಪೆಕ್ಟರ್ ಆತ್ರೇಯ ಕೇಳಿದರು.

"ಯಾರ್ ಮ್ಯಾಲೂ ಇಲ್ಲ. ಊರೋರು ಪಾಳು ಚರ್ಚಿನ ದೆವ್ವ ಅಂತಾರೆ. ಯುಗಾದಿ ಅತ್ರ ಬಂತು, ಸಂಕ್ರಾಂತಿಯಿಂದ್ಲೂ ಭಾನ್ವಾರ ಆದ್ರೆ ಅಲ್ಲಿ ಢಮ್ ಅಂತದೆ. ಓಗಿ ನೋಡಿದ್ರೆ ಯಾರೂ ಇರಾಕಿಲ್ಲ. ಬರೀ ಒಗೆ."

ಎಫ್‌ಐಆರ್ ಆಯಿತು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಕೈಯಲ್ಲಿ ಎರಕ ಹೊಯ್ದ, ದುಂಡನೆಯ ಸೀಸದ ಗುಂಡು. "ತೋಟೆಯದ್ದಲ್ಲ, ಹಳೇ ಕಾಲದ ಕೇಪಿನ ಕೋವಿ. ನಳಿಗೆ ಬಾಯಿಂದ ಮದ್ದು ತುಂಬುವಂಥದ್ದು," ಎಂದರು ವೈದ್ಯರು. ಪತ್ರಿಕೆಗೆ ಮಾತ್ರ ಹಿನ್ನೀರಿನಲ್ಲಿ ಶವ ಪತ್ತೆ ಎಂದಷ್ಟೇ ಹೋಯಿತು.

ಮರುದಿನ ಚರ್ಚಿನಲ್ಲಿ ಪಂಚನಾಮೆ. ಬೇಸಿಗೆಗೆ ನೀರು ಇಳಿದು ಚಾವಣಿಯಿಲ್ಲದ ಕಮಾನುಗಳು ಕೆಸರಿನ ಮೇಲೆ ನಿಂತಿದ್ದವು. ಕಾನ್‌ಸ್ಟೆಬಲ್ ಪುಟ್ಟರಾಜು ಒಳಗೆ ಕಾಲಿಡುವ ಮುನ್ನ ಎರಡು ಸಲ ಹಿಂದೆ ನೋಡಿದ. ಕಿಟಕಿಯ ಕೆಳಗೆ ಹೊಸ ಮಡಕೆಯ ಚೂರುಗಳು. ನೆಲದ ಮೇಲೆ ಅಂಚು ಸುಟ್ಟ ಬಟ್ಟೆಯ ತುಣುಕುಗಳು. ಮೂಸಿದರೆ ಗಂಧಕ. ಬೇಟೆಯಾಡಿದ ಕುರುಹು ಒಂದೂ ಇಲ್ಲ. ಒಂದು ಪುಕ್ಕ ಕೂಡ.

ಅಂಥ ಕೋವಿ ರಿಪೇರಿ ಮಾಡುವವನು ಅರಕಲಗೂಡಿನ ಮಂಜುನಾಥ. ಶನಿವಾರ ಆತ್ರೇಯ ಅವನ ಅಂಗಡಿಗೆ ಹೋದರು.

"ಈಚೆಗೆ ಯಾರಿಗೆ ಕೇಪು ಕೊಟ್ಟೆ?"

"ಹಾಸನದ ಪಾತ್ರೆ ಅಂಗ್ಡಿ ನೇಮಿರಾಜಯ್ಯನೋರಿಗೆ ಸಾ. ನುಗ್ಗೇಹಳ್ಳಿ ಹಳೇ ಮನೆ ಅಟ್ಟದಾಗೆ ಅವ್ರಪ್ಪನ ಕೋವಿ ಸಿಕ್ತಂತೆ. ಕೇಪಿಗೆ ಬಡಿಯೋ ಕುದುರೆ ತುಕ್ಕಿಡ್ದಿತ್ತು, ಸರಿ ಮಾಡ್ಕೊಟ್ಟೆ. ಸಣ್ ಮಗಾ ನಕ್ಕಂಗೆ ನಕ್ರು ಸಾ."

"ಬೇಟೆಗಾ?"

"ನಾನೂ ಕೇಳ್ದೆ. 'ನಾವು ಜೈನರು ಕಣಪ್ಪಾ, ಹುಳ ಬೀಳ್ತದೆ ಅಂತ ಹೊತ್ತು ಮುಳುಗೋಕ್ ಮುಂಚೆ ಉಣ್ಣೋರು' ಅಂದ್ರು."

ಭಾನುವಾರ ಬೆಳಿಗ್ಗೆ ಹಾಸನದ ಮನೆಯ ಬಾಗಿಲು ತೆರೆದವರು ನೇಮಿರಾಜಯ್ಯನ ಹೆಂಡತಿ ತ್ರಿಶಲಾ. ಖಾಕಿ ನೋಡಿ ಸೆರಗು ಬಿಗಿಹಿಡಿದರು.

"ಯಜಮಾನರು?"

"ಶೆಟ್ಟಿಹಳ್ಳಿಗೆ ಹೋಗವ್ರೆ. ಚಾಪೇಲಿ ಅದನ್ನ ಸುತ್ಕೊಂಡು. ಬೇಡ ಅಂತ ಹೇಳೋಕೆ ನನಗೇ ಮನಸ್ಸು ಬರ್ಲಿಲ್ಲ. ಅಂಗಡಿ ಮಗನಿಗೆ ಬಿಟ್ಟಮೇಲೆ ಗೋಡೆ ನೋಡ್ಕೊಂಡು ಕೂತಿರ್ತಿದ್ರು. ಅದು ಸಿಕ್ಕಿದ್ಮೇಲೆ ಮನುಷ್ಯ ಆದ್ರು."

ಜೀಪು ದೂರದಲ್ಲೇ ನಿಂತಿತು. ಆತ್ರೇಯ, ಪುಟ್ಟರಾಜು ಕಮಾನಿನ ಬಳಿ ಬರುವಷ್ಟರಲ್ಲಿ ಒಳಗೆ ಯಾರೋ ಕೈ ತಟ್ಟಿದ ಸದ್ದು. ಗೋಡೆಯ ಸಂದಿಗಳಿಂದ ಪಾರಿವಾಳಗಳು ಎದ್ದವು. ಆತ್ರೇಯ ಕೂಗುವ ಮೊದಲೇ ಕೋವಿ ಹಾರಿತು. ಸದ್ದು ನೀರಿನ ಮೇಲೆ ಉರುಳಿ ಹೋಗಿ, ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂತು. ಬಿಳಿಯ ದಟ್ಟ ಹೊಗೆ ಅಲುಗಾಡದೆ ಕಮಾನುಗಳ ನಡುವೆ ನಿಂತಿತು. ಅದರೊಳಗೆ ಒಬ್ಬ ಮುದುಕ ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದ.

ಕಣ್ಣು ತೆರೆದವನೇ ಬೆಚ್ಚಿದ. "ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತು ಸಾರ್. ತಪ್ಪಾಯ್ತು. ಆದ್ರೆ ಒಂದು ಗುಬ್ಬಿಗೂ ನೋವು ಮಾಡಿಲ್ಲ. ಕೈ ತಟ್ಟಿ ಹಕ್ಕಿಗಳನ್ನ ಎಬ್ಬಿಸಿಯೇ ಹೊಡೆಯೋದು."

"ಮಡಕೆ ಕಿಟಕಿ ಮೇಲೆ ಯಾಕಿಟ್ಟಿರಿ?"

"ಹಳೇ ಗೋಡೆ, ಗುಂಡು ಬಿದ್ದು ಕೆಡಬಾರ್ದು ಅಂತ. ಆಚೆ ಬರೀ ನೀರಲ್ವ?"

ಆತ್ರೇಯ ಅವನ ತೋಳು ಹಿಡಿದು ಕಿಟಕಿಯವರೆಗೆ ಕರೆದೊಯ್ದರು. ಕೆಳಗೆ, ಒಳಗಿನಿಂದ ಕಾಣದಷ್ಟು ತಗ್ಗಿನಲ್ಲಿ, ದಡಕ್ಕೆ ಕಟ್ಟಿದ ತೆಪ್ಪವಿತ್ತು. ಅದರ ಮೇಲೆ ಅರ್ಧ ಹೆಣೆದ ಬಲೆ.

"ಹೋದ ಭಾನುವಾರ ಇಲ್ಲಿ ಸಣ್ಣಯ್ಯ ಅನ್ನೋನು ಕೂತಿದ್ದ. ಎದ್ದು ನಿಂತಾಗ ನಿಮ್ಮ ಗುಂಡು ಕತ್ತಿನ ಕೆಳಗೆ ಹೊಕ್ಕಿತು."

ನೇಮಿರಾಜಯ್ಯ ಬಲೆಯನ್ನೇ ನೋಡುತ್ತ ನಿಂತ. ಆಮೇಲೆ ಕೋವಿಯನ್ನು, ನಿದ್ದೆ ಹೋದ ಮಗುವನ್ನು ಮಲಗಿಸುವಂತೆ, ನೆಲಕ್ಕಿಟ್ಟ. "ನಾನು ಕಣ್ಣು ಮುಚ್ಕೊಂಡಿದ್ದೆ," ಎಂದ. "ಹೊಗೆ ಆರೋವರ್ಗೂ ಮುಚ್ಕೊಂಡೇ ಇರ್ತೀನಿ."

ದಸ್ತಗಿರಿಯ ನಂತರ ಹೇಳಿಕೆ ಬರೆಸಿದ. ಚಿಕ್ಕಂದಿನಲ್ಲಿ ಅಪ್ಪ ಹಂದಿ ಬೆದರಿಸಲು ಹೊಲದಲ್ಲಿ ಬರೀ ಮದ್ದು ಹಾರಿಸುತ್ತಿದ್ದುದು. ಒಮ್ಮೆ ಇವನ ಕೈಗೂ ಕೊಟ್ಟದ್ದು. ಅರವತ್ತೈದರಲ್ಲಿ ಮತ್ತೆ ಮದ್ದು ಅಳೆದು, ಬಟ್ಟೆಯಲ್ಲಿ ಗುಂಡು ಸುತ್ತಿ, ಗಜದ ಕಡ್ಡಿಯಿಂದ ನಳಿಗೆಯೊಳಗೆ ಇಳಿಸುವಾಗ ಜೀವ ಹಗುರಾದದ್ದು. ಕೊಲೆಯ ಕಲಂ ತೆಗೆದು ನಿರ್ಲಕ್ಷ್ಯದಿಂದಾದ ಸಾವು ಹಾಗೂ ಆಯುಧ ಕಾಯ್ದೆಯಡಿ ಪ್ರಕರಣ ಬದಲಾಯಿಸುವಂತೆ ಆತ್ರೇಯ ನ್ಯಾಯಾಲಯಕ್ಕೆ ಬರೆದರು.

ಸಂಜೆ ನಂಜಮ್ಮ ಠಾಣೆಗೆ ಬಂದಳು. ಬೈಯಲಿಲ್ಲ. ನೇಮಿರಾಜಯ್ಯ ಕೂತಿದ್ದ ಬೆಂಚಿನ ಎದುರು ಕುಕ್ಕರಗಾಲಲ್ಲಿ ಕೂತು ಅವನ ಮುಖ ನೋಡಿದಳು.

"ನನ್ ಗಂಡ ನಿಂಗೇನ್ ಮಾಡಿದ್ದ ಯಜಮಾನ? ಯಾಕ್ ಒಡ್ದೆ?"

ಸುಳ್ಳು ಹೇಳಲು ನೇಮಿರಾಜಯ್ಯನಿಗೆ ಬರುತ್ತಿರಲಿಲ್ಲ.

"ಖುಷಿಗೆ ಕಣಮ್ಮ," ಎಂದ.